ಡೈರೆಕ್ಟರಿ ಸ್ಟ್ರೀಮ್ ಅಂದರೇನು?

ಒಂದು ಡೈರೆಕ್ಟರಿಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯಲು ಕೂತರೆ ಮೊದಲು ಬೇಕಾಗುವುದು ರೀಡ್‌ಡಿರ್ ಎಂಬ ಫಂಕ್ಷನ್. ಒಂದು ಸಲ ಕರೆದರೆ ಒಂದು ಎಂಟ್ರಿ, ಅಂದರೆ ಒಳಗಿರುವ ಒಂದು ಫೈಲ್ ಅಥವಾ ಡೈರೆಕ್ಟರಿಯ ದಾಖಲೆ, ಕೊಡುತ್ತದೆ. ಮತ್ತೆ ಕರೆದರೆ ಅದರ ಮುಂದಿನದು. ಎಲ್ಲ ಮುಗಿದ ಮೇಲೆ ನಲ್, ಅಂದರೆ ಖಾಲಿ ಪಾಯಿಂಟರ್.

ಹೋದ ಸಲ ಎಲ್ಲಿಗೆ ನಿಲ್ಲಿಸಿತ್ತು ಅನ್ನೋದು ಅದಕ್ಕೆ ಹೇಗೆ ಗೊತ್ತು? ಫಂಕ್ಷನ್ ಒಳಗಿನ ಮಾಮೂಲಿ ವೇರಿಯಬಲ್‌ಗಳು ಅದು ಮುಗಿದ ಕೂಡಲೇ ಹೋಗಿಬಿಡುತ್ತವೆ, ಅಲ್ವಾ? ಆ ನೆನಪನ್ನು ಇಟ್ಟುಕೊಂಡಿರುವುದೇ ಡೈರೆಕ್ಟರಿ ಸ್ಟ್ರೀಮ್. ಡೈರೆಕ್ಟರಿ ತೆರೆಯಲು ಓಪನ್‌ಡಿರ್ ಕರೆದಾಗ ನಮ್ಮ ಕೈಗೆ ಬರುವ ಪಾಯಿಂಟರ್ ಇದರದ್ದೇ.

ಇಂಥ ಫಂಕ್ಷನ್ನನ್ನು ನಾವೇ ಬರೆಯುವುದಾದರೆ ಮೊದಲು ಹೊಳೆಯುವುದು ಫಂಕ್ಷನ್ ಮುಗಿದರೂ ಬೆಲೆ ಉಳಿಸಿಕೊಳ್ಳುವ ಸ್ಟ್ಯಾಟಿಕ್ ವೇರಿಯಬಲ್. ಒಂದೇ ಡೈರೆಕ್ಟರಿ ಓದುವವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಮಧ್ಯದಲ್ಲಿ ಒಂದು ಒಳ ಡೈರೆಕ್ಟರಿ ಸಿಕ್ಕಿ, ಅದನ್ನೂ ಓದಿ ವಾಪಸ್ ಬಂದಿರಿ ಅನ್ನಿ. ಇರುವುದು ಒಂದೇ ಗುರುತು, ಅದನ್ನು ಒಳಗಿನದು ಅಳಿಸಿ ಹಾಕಿರುತ್ತದೆ. ಹೊರಗಿನದರಲ್ಲಿ ಎಲ್ಲಿದ್ದೆವು ಎಂಬುದೇ ಕಳೆದುಹೋಯಿತು. ಅದಕ್ಕೇ ನೆನಪು ಫಂಕ್ಷನ್ ಒಳಗೆ ಇರಬಾರದು, ಕರೆಯುವವರ ಕೈಯಲ್ಲಿರಬೇಕು. ಎಷ್ಟು ಡೈರೆಕ್ಟರಿ ತೆರೆದಿದ್ದೇವೋ ಅಷ್ಟು ಸ್ಟ್ರೀಮ್. ಈ ಒಂದು ಮಾತು ಅರ್ಥವಾದರೆ ಉಳಿದದ್ದು ಸಲೀಸು.

ಹಳೇ ಯುನಿಕ್ಸ್‌ನಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. ಡೈರೆಕ್ಟರಿಯನ್ನೂ ಮಾಮೂಲಿ ಫೈಲಿನ ಹಾಗೆ ತೆರೆದು ಓದುತ್ತಿದ್ದರು. ಪ್ರತಿ ಎಂಟ್ರಿಯೂ 16 ಬೈಟ್: ಫೈಲನ್ನು ಗುರುತಿಸುವ ಐನೋಡ್ ನಂಬರಿಗೆ 2, ಹೆಸರಿಗೆ 14. ನಂಬರ್ ಸೊನ್ನೆ ಇದ್ದರೆ ಆ ಜಾಗ ಖಾಲಿ, ದಾಟಿ ಮುಂದೆ ಹೋಗಬೇಕು. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಹೆಸರು 255 ಅಕ್ಷರದವರೆಗೂ ಬೆಳೆಯಿತು, ಎಂಟ್ರಿಗಳ ಉದ್ದ ಒಂದೇ ಥರ ಉಳಿಯಲಿಲ್ಲ. ಡಿಸ್ಕಿನ ಮೇಲಿನ ರೂಪವನ್ನು ನಮ್ಮಿಂದ ಮರೆಮಾಡುವ ಈ ಫಂಕ್ಷನ್‌ಗಳು ಬೇಕಾದದ್ದು ಆಗ.

ಈಗ ಲಿನಕ್ಸ್‌ನಲ್ಲಿ ರೀಡ್‌ಡಿರ್ ಪ್ರತಿ ಸಲವೂ ಕರ್ನಲನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ಕೇಳುವುದಿಲ್ಲ. ಗೆಟ್‌ಡೆಂಟ್ಸ್64 ಎಂಬ ಸಿಸ್ಟಮ್ ಕಾಲ್‌ನಿಂದ ಒಂದು ಬಫರ್ (ತಾತ್ಕಾಲಿಕ ಮೆಮೊರಿ ಜಾಗ) ತುಂಬ ಎಂಟ್ರಿಗಳನ್ನು ತಂದಿಟ್ಟುಕೊಂಡು ಒಂದೊಂದಾಗಿ ಕೊಡುತ್ತದೆ. ಬಫರ್ ಖಾಲಿಯಾದರೆ ಮತ್ತೆ ತುಂಬಿಸುತ್ತದೆ.

ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ. ಬಂದ ಹೆಸರುಗಳ ಪಾಯಿಂಟರ್‌ಗಳನ್ನು ಒಂದು ಅರೇಗೆ ಹಾಕಿಕೊಂಡು, ಕೊನೆಗೆ ವಿಂಗಡಿಸಿ ಪ್ರಿಂಟ್ ಮಾಡುತ್ತಿದ್ದೆ. ಹತ್ತಿಪ್ಪತ್ತು ಫೈಲ್ ಇದ್ದಾಗ ಎಲ್ಲ ಸರಿ. ಸಾವಿರಾರು ಫೈಲ್ ಇರುವ ಕಡೆ ಓಡಿಸಿದರೆ ಕೆಲವು ಹೆಸರು ಎರಡೆರಡು ಸಲ, ಕೆಲವು ಅರ್ಧಂಬರ್ಧ. ಬಫರ್ ಮತ್ತೆ ತುಂಬಿದಾಗ ಹಳೇ ಹೆಸರುಗಳ ಮೇಲೆ ಹೊಸವು ಬಂದು ಕೂತಿದ್ದವು. ರೀಡ್‌ಡಿರ್ ಕೊಟ್ಟ ಹೆಸರು ಮುಂದಿನ ಕರೆವರೆಗೆ ಮಾತ್ರ ನಮ್ಮದು. ಬೇಕಿದ್ದರೆ ಸ್ಟ್ರ್‌ಡಪ್‌ನಿಂದ ನಕಲು ಮಾಡಿಟ್ಟುಕೊಳ್ಳಿ.

ನಲ್‌ಗೂ ಎರಡು ಅರ್ಥ ಇದೆ: ಎಂಟ್ರಿಗಳು ಮುಗಿದವು, ಇಲ್ಲವೇ ಓದುವಾಗ ತಪ್ಪಾಯಿತು. ಯಾವುದೆಂದು ತಿಳಿಯಲು ಕರೆಯುವ ಮೊದಲು ತಪ್ಪಿನ ಸಂಖ್ಯೆ ಇಡುವ ಎರ್‌ನೋವನ್ನು ಸೊನ್ನೆ ಮಾಡಿ. ನಲ್ ಬಂದಾಗಲೂ ಅದು ಸೊನ್ನೆಯೇ ಇದ್ದರೆ ನಿಜವಾಗಿ ಮುಗಿದಿದೆ. ತುಂಬಾ ಜನ ಇದನ್ನು ಬಿಡುತ್ತಾರೆ, ಬಿಡಬೇಡಿ. ಪಟ್ಟಿ ಅರ್ಧಕ್ಕೇ ನಿಂತಿದ್ದರೂ ಪೂರ್ತಿ ಆಯಿತು ಎಂದು ನಂಬಿ ಮುಂದೆ ಹೋಗುವ ಪ್ರೋಗ್ರಾಮ್ ಅಪಾಯದ್ದು.

ಒಂದು ಚುಕ್ಕಿ (ಅದೇ ಡೈರೆಕ್ಟರಿ), ಎರಡು ಚುಕ್ಕಿಯ (ಅದರ ಮೇಲಿನ ಡೈರೆಕ್ಟರಿ) ಎಂಟ್ರಿಗಳೂ ಸಾಮಾನ್ಯವಾಗಿ ಬರುತ್ತವೆ. ಅವನ್ನು ಬಿಡದೆ ಒಳಕ್ಕಿಳಿದರೆ ಪ್ರೋಗ್ರಾಮ್ ತನ್ನನ್ನೇ ಸುತ್ತುತ್ತದೆ. ಹಾಗಂತ ಸುಮ್ನೆ ಮೊದಲ ಅಕ್ಷರ ಚುಕ್ಕಿಯೇ ಎಂದು ನೋಡಿ ಬಿಟ್ಟರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್‌ಗಳೆಲ್ಲ ತಪ್ಪಿಹೋಗುತ್ತವೆ. ಹೆಸರನ್ನು ಪೂರ್ತಿ ಹೋಲಿಸಿ. ಇನ್ನು ಎಂಟ್ರಿಗಳು ಅಕ್ಷರಾನುಕ್ರಮದಲ್ಲಿ ಬರುತ್ತವೆಂದು ಕಾಯಬೇಡಿ, ಎಲ್‌ಎಸ್ ಕಮಾಂಡ್ ತೋರಿಸುವ ಕ್ರಮ ಅದು ತಾನೇ ವಿಂಗಡಿಸಿಕೊಂಡದ್ದು.

ಕೆಲಸ ಮುಗಿದಾಗ ಸ್ಟ್ರೀಮನ್ನು ಮುಚ್ಚುವ ಕ್ಲೋಸ್‌ಡಿರ್ ಕರೆಯಿರಿ. ಲೂಪಿನ ಮಧ್ಯದಿಂದ ರಿಟರ್ನ್ ಆಗುವ ಕಡೆಯಲ್ಲೂ ಅದು ಇರಬೇಕು, ಜಾಸ್ತಿ ಮರೆಯುವುದು ಅಲ್ಲೇ.