ಹೊಸ ಕೋಚ್ ಬಂದರು, ತಂಡ ಗೆದ್ದಿತು. ಹಾಗಾದ್ರೆ ಹಳಬರು ದಂಡವಾ?

ಪ್ರಶ್ನೆ: ವೃತ್ತಿಪರ ಫುಟ್‌ಬಾಲ್ ತಂಡದ ಕೋಚಿಂಗ್ ಬಳಗ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಹೊರಗಿನಿಂದ ನೋಡುವವರು ಹೇಗೆ ತಿಳಿಯಬಹುದು? ಕೋಚ್ ಬದಲಾದ ತಕ್ಷಣ ತಂಡ ಗೆಲ್ಲತೊಡಗಿದರೆ ಹಳೆಯ ಬಳಗದಲ್ಲೇ ತೊಂದರೆ ಇತ್ತು ಅಂತ ತಾನೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಬೇಜಾರು ಇನ್ನೂ ಜಾಸ್ತಿ ಆಗುತ್ತಿತ್ತು. ಪ್ರತಿ ಸೀಸನ್‌ನಲ್ಲೂ ಯಾವುದೋ ಕ್ಲಬ್ ಕೋಚನ್ನು ಮನೆಗೆ ಕಳಿಸುತ್ತದೆ. ಹೊಸಬರು ಬಂದು ಮೂರು ಪಂದ್ಯ ಗೆಲ್ಲುತ್ತಾರೆ. ಮಾರನೇ ದಿನ ಇದೇ ಪ್ರಶ್ನೆ, ಹೊಸ ಹೆಸರುಗಳೊಂದಿಗೆ.

ನಿಮ್ಮ ಪ್ರಶ್ನೆಯ ಮೊದಲ ವಾಕ್ಯ ಚೆನ್ನಾಗಿದೆ. ಎರಡನೆಯದರಲ್ಲಿ ಉತ್ತರವನ್ನು ನೀವೇ ಬರೆದುಬಿಟ್ಟಿದ್ದೀರಿ, ಅದೂ ತಪ್ಪು ಉತ್ತರ. ಮೊದಲು ಅದನ್ನು ದಾರಿಯಿಂದ ಎತ್ತಿಡೋಣ.

ಕ್ಲಬ್‌ಗಳು ಕೋಚನ್ನು ಯಾವಾಗ ತೆಗೆಯುತ್ತವೆ? ಸತತವಾಗಿ ನಾಲ್ಕೈದು ಪಂದ್ಯ ಸೋತು, ಸ್ಟೇಡಿಯಂನಲ್ಲಿ ಕೂಗಾಟ ಶುರುವಾಗಿ, ಮಾಲೀಕರಿಗೆ ನಿದ್ದೆ ಕೆಟ್ಟ ಮೇಲೆ. ಅಂದರೆ ತಂಡ ತಳ ಮುಟ್ಟಿದಾಗ. ಆ ತಳ ಮುಟ್ಟುವುದರಲ್ಲಿ ಕೋಚ್‌ನ ತಪ್ಪೂ ಇರಬಹುದು. ಆದರೆ ಕಂಬಕ್ಕೆ ಬಡಿದು ಹೊರಗೆ ಹೋದ ಚೆಂಡುಗಳಿರುತ್ತವೆ. ಗಾಯಗೊಂಡು ಕೂತ ಇಬ್ಬರು ಡಿಫೆಂಡರ್‌ಗಳಿರುತ್ತಾರೆ. ಸಾಲಾಗಿ ಎದುರಾದ ನಾಲ್ಕು ಬಲವಾದ ತಂಡಗಳಿರುತ್ತವೆ. ಫುಟ್‌ಬಾಲಿನಲ್ಲಿ ಒಂದು ಪಂದ್ಯಕ್ಕೆ ಬೀಳುವುದೇ ಎರಡೂವರೆ, ಮೂರು ಗೋಲು. ಒಂದು ಚೆಂಡು ಒಂದು ಗೇಣು ಆಚೆ ಹೋದರೆ ಫಲಿತಾಂಶವೇ ಬೇರೆ. ಇಷ್ಟು ಕಡಿಮೆ ಗೋಲಿನ ಆಟದಲ್ಲಿ ಐದು ಪಂದ್ಯದ ಕೆಟ್ಟ ಓಟ ಒಳ್ಳೆಯ ತಂಡಕ್ಕೂ ಬರುತ್ತದೆ.

ಕೆಟ್ಟ ಓಟ ಮುಗಿಯುವುದು ಹೇಗೆ? ಬಹಳ ಸಲ ತನ್ನಷ್ಟಕ್ಕೆ. ಗಾಯಾಳುಗಳು ವಾಪಸ್ ಬರುತ್ತಾರೆ, ಮುಂದಿನ ಎದುರಾಳಿಗಳು ಸ್ವಲ್ಪ ಮೆತ್ತಗಿರುತ್ತಾರೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಒಳಗೆ ಬೀಳುತ್ತದೆ. ಅದೇ ಹೊತ್ತಿಗೆ ಹೊಸ ಕೋಚ್ ಬಂದು ಡಗೌಟಿನಲ್ಲಿ ಕೂತಿರುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ನಾವು ಕಾಗೆಗೆ ಹಾರ ಹಾಕುತ್ತೇವೆ.

ಇದು ಸುಮ್ನೆ ನನ್ನ ತರ್ಕ ಅಂದುಕೊಳ್ಳಬೇಡಿ. ಬಾಸ್ ಟೆರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು 1986ರಿಂದ 2004ರವರೆಗಿನ ಡಚ್ ಲೀಗ್ ಪಂದ್ಯಗಳನ್ನು ತೆಗೆದುಕೊಂಡು ಇದನ್ನೇ ನೋಡಿದರು. ಕೋಚನ್ನು ತೆಗೆದ ಮೇಲೆ ತಂಡಗಳು ಸುಧಾರಿಸಿದವು, ನಿಜ. ಆದರೆ ಅವರು ಇನ್ನೊಂದು ಕೆಲಸ ಮಾಡಿದರು. ಅಷ್ಟೇ ಕೆಟ್ಟದಾಗಿ ಸೋತು, ಆದರೂ ಕೋಚನ್ನು ಇಟ್ಟುಕೊಂಡ ತಂಡಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಅವೂ ಹಾಗೇ ಸುಧಾರಿಸಿದ್ದವು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ: ಯಾವುದಕ್ಕೆ ಹೋಲಿಸಿ? ಇದನ್ನು ಕೇಳದೆ ಕೋಚ್‌ಗೆ ಮಾರ್ಕ್ಸ್ ಕೊಡಲು ಹೋಗಬೇಡಿ.

ಇಂಗ್ಲೆಂಡಿನ ಲೆಸ್ಟರ್ ಕ್ಲಬ್‌ನ ಕಥೆ ನಿಮಗೆ ಗೊತ್ತೇ ಇರುತ್ತದೆ. 2016ರ ಮೇ ತಿಂಗಳಲ್ಲಿ ಅದರ ಕೋಚ್ ಕ್ಲಾಡಿಯೊ ರನಿಯೇರಿ ಅಲ್ಲಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದರು. ಒಂಬತ್ತು ತಿಂಗಳಲ್ಲಿ, 2017ರ ಫೆಬ್ರವರಿಯಲ್ಲಿ, ಕೆಲಸ ಹೋಯಿತು. ಆ ವರ್ಷ ಅಲ್ಲಿಯವರೆಗೆ ಲೀಗ್‌ನಲ್ಲಿ ತಂಡ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಆಮೇಲೆ ಕ್ರೇಗ್ ಶೇಕ್ಸ್‌ಪಿಯರ್ ಬಂದರು. ಮೊದಲ ಪಂದ್ಯದಲ್ಲೇ ಲಿವರ್‌ಪೂಲ್ ವಿರುದ್ಧ 3-1. ಸಾಲಾಗಿ ಐದು ಲೀಗ್ ಪಂದ್ಯ ಗೆದ್ದರು. ಎಲ್ಲರೂ ಹೇಳಿದ್ದು ಒಂದೇ ಮಾತು: ನೋಡಿದ್ರಾ, ಕೋಚೇ ತೊಂದರೆ.

ಆದರೆ ಶೇಕ್ಸ್‌ಪಿಯರ್ ಎಲ್ಲಿಂದ ಬಂದರು? ಅದೇ ಬೆಂಚಿನಿಂದ. ಅವರು ರನಿಯೇರಿಯವರ ಸಹಾಯಕ ಕೋಚ್. ಸೋತ ಪಂದ್ಯಗಳಿಗೆ ತಯಾರಿ ನಡೆಸಿದ ಬಳಗದಲ್ಲಿ ಅವರೂ ಇದ್ದರು. ಹಳೆಯ ಬಳಗ ದಂಡವಾಗಿದ್ದರೆ ಗೆಲ್ಲಿಸಿದವರು ಯಾರು? ಮುಂದಿನದು ಇನ್ನೂ ಸೊಗಸಾಗಿದೆ. ಜೂನ್‌ನಲ್ಲಿ ಅವರನ್ನೇ ಕಾಯಂ ಮಾಡಿದರು, ಅಕ್ಟೋಬರ್‌ನಲ್ಲಿ ಅವರನ್ನೂ ತೆಗೆದರು. ನಾಲ್ಕೇ ತಿಂಗಳು. ಕಾಗೆ ಹಾರಿಹೋಯಿತು.

ಹಾಗಾದರೆ ಚಾಂಪಿಯನ್ ತಂಡ ಕುಸಿದದ್ದೇಕೆ? 2016ರ ಬೇಸಿಗೆಯಲ್ಲಿ ತಂಡದ ಮಿಡ್‌ಫೀಲ್ಡರ್ ಎನ್‌ಗೋಲೋ ಕಾಂಟೆ ಚೆಲ್ಸಿಗೆ ಹೋದರು, ಚೆಲ್ಸಿ ಮುಂದಿನ ಸೀಸನ್‌ನಲ್ಲೇ ಲೀಗ್ ಗೆದ್ದಿತು. ಕಾಂಟೆ, ಮಹ್ರೇಜ್, ವಾರ್ಡಿಯಂಥವರನ್ನು ಗುರುತಿಸಿ ತಂದ ಸ್ಟೀವ್ ವಾಲ್ಶ್ ಅದೇ ಬೇಸಿಗೆಯಲ್ಲಿ ಎವರ್ಟನ್ ಸೇರಿದರು. ಅವರು ಲೆಸ್ಟರ್‌ನಲ್ಲಿ ಸಹಾಯಕ ಮ್ಯಾನೇಜರ್ ಕೂಡ ಹೌದು. ಬಳಗದಲ್ಲಿ ಅಷ್ಟು ದೊಡ್ಡ ತೂತು ಬಿದ್ದಿದ್ದು ಆಗ ಎಷ್ಟು ಜನರ ಕಣ್ಣಿಗೆ ಬಿತ್ತು? ಎಲ್ಲರ ಕಣ್ಣು ಮುಂದೆ ನಿಂತು ಕೈ ಬೀಸುವವರ ಮೇಲೇ ಇತ್ತು.

ಈಗ ಎದುರು ಉದಾಹರಣೆ. 2015ರ ಫೆಬ್ರವರಿಯಲ್ಲಿ ಯೂರ್ಗೆನ್ ಕ್ಲೋಪ್ ಅವರ ಡಾರ್ಟ್‌ಮಂಡ್ ತಂಡ ಜರ್ಮನಿಯ ಲೀಗ್ ಆದ ಬುಂಡೆಸ್‌ಲೀಗಾದ 18ನೇ ಸ್ಥಾನದಲ್ಲಿತ್ತು. ಇರುವುದೇ 18 ತಂಡ. ಕ್ಲಬ್ ಅವರನ್ನು ತೆಗೆಯಲಿಲ್ಲ. ತಂಡ ಏಳನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಫೆಬ್ರವರಿಯಲ್ಲಿ ಬೇರೆ ಯಾರನ್ನಾದರೂ ತಂದಿದ್ದರೆ ಆ ಏಳನೇ ಸ್ಥಾನ ಹೊಸಬರ ಪವಾಡ ಅನ್ನಿಸಿಕೊಳ್ಳುತ್ತಿತ್ತು, ಅಲ್ವಾ? ಲಿವರ್‌ಪೂಲ್‌ನ ಆಗಿನ ಸಂಶೋಧನಾ ಮುಖ್ಯಸ್ಥ ಇಯಾನ್ ಗ್ರಹಾಂ ಆ ಸೀಸನ್ನಿನ ಅಂಕಿ ಅಂಶ ನೋಡಿ, ಡಾರ್ಟ್‌ಮಂಡ್ ಕೆಟ್ಟದಾಗಿ ಆಡಿಲ್ಲ, ಅದೃಷ್ಟ ಕೆಟ್ಟಿತ್ತು ಅಂತ ಹೇಳಿದ್ದರು. ಲಿವರ್‌ಪೂಲ್ 2015ರ ಅಕ್ಟೋಬರ್‌ನಲ್ಲಿ ಕ್ಲೋಪ್ ಅವರನ್ನು ಕರೆತಂದಿತು. ಆಮೇಲೆ ಅವರು ಅಲ್ಲಿ ಗೆದ್ದ ಕಪ್‌ಗಳು ನಿಮಗೆ ಗೊತ್ತು.

ಹಾಗಂತ ಕೋಚ್ ಬದಲಾದರೆ ಏನೂ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದನ್ನೂ ದಪ್ಪಕ್ಷರದಲ್ಲಿ ಬರೆಯಬೇಕಾಗಿದೆ, ಏಕೆಂದರೆ ಕಳೆದ ಸಲ ಅರ್ಧ ಜನ ಹಾಗೇ ಓದಿಕೊಂಡರು. 2019ರ ನವೆಂಬರ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡ ಫ್ರಾಂಕ್‌ಫರ್ಟ್ ಎದುರು 5-1ರಿಂದ ಸೋತ ಮೇಲೆ ನಿಕೊ ಕೊವಾಚ್ ಹೊರಟರು, ಹಾನ್ಸಿ ಫ್ಲಿಕ್ ಬಂದರು. ಎದುರಾಳಿಯ ಅರ್ಧದಲ್ಲೇ ಅವರ ಮೇಲೆ ಮುಗಿಬೀಳುವ ಆಟ, ಮೈದಾನದ ನಡುವಿನ ತನಕ ಮುಂದೆ ಬಂದು ನಿಂತ ಡಿಫೆನ್ಸ್, ಎಲ್ಲವೂ ಕಣ್ಣಿಗೆ ಕಾಣುವಂತೆ ಬದಲಾಯಿತು. ಆ ಬದಲಾವಣೆ ತಿಂಗಳುಗಟ್ಟಲೆ ಉಳಿಯಿತು. 2020ರಲ್ಲಿ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಬಂದವು. ನಡುವೆ ಬಾರ್ಸಿಲೋನಾವನ್ನು 8-2ರಿಂದ ಸೋಲಿಸಿದ್ದೂ ಆಯಿತು. ಇದು ಕೋಚ್‌ನ ಕೆಲಸ. ಅಂದಹಾಗೆ ಫ್ಲಿಕ್ ಕೂಡ ಕೊವಾಚ್ ಅವರ ಸಹಾಯಕರೇ ಆಗಿದ್ದರು. ಹಳೆಯ ಬಳಗ ಅಂತ ಒಂದೇ ಮುದ್ದೆ ಮಾಡಿ ಬೈಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಸರಿ, ಈಗ ಅಳೆಯುವುದು ಹೇಗೆ? ಮುದ್ದೆಯನ್ನು ಬಿಡಿಸಿ. ಮುಖ್ಯ ಕೋಚ್, ಸಹಾಯಕರು, ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್, ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ನಂಥ, ನಿಂತ ಚೆಂಡಿನಿಂದ ಶುರುವಾಗುವ ಆಟ) ಕೋಚ್, ವಿಡಿಯೊ ನೋಡುವ ವಿಶ್ಲೇಷಕರು, ಪಕ್ಕದಲ್ಲಿ ವೈದ್ಯರ ತಂಡ. ಒಬ್ಬೊಬ್ಬರ ಕೆಲಸಕ್ಕೂ ಬೇರೆ ಬೇರೆ ಅಳತೆಗೋಲು ಬೇಕು.

ಒಟ್ಟು ಫಲಿತಾಂಶವನ್ನು ಮೊದಲು ಸಂಬಳದ ಪಕ್ಕದಲ್ಲಿಡಿ. ಆಟಗಾರರಿಗೆ ಯಾರು ಎಷ್ಟು ಕೊಡುತ್ತಾರೋ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಹಲವು ವರ್ಷಗಳ ಲೀಗ್ ಪಟ್ಟಿ ನಿಲ್ಲುತ್ತದೆ. ಸಂಬಳದಲ್ಲಿ 15ನೇ ಸ್ಥಾನದ ತಂಡ ಹತ್ತನೇ ಸ್ಥಾನಕ್ಕೆ ಬಂದರೆ ಯಾರೋ ಚೆನ್ನಾಗಿ ಕೆಲಸ ಮಾಡಿದ್ದಾರೆ. ಎರಡನೇ ಸ್ಥಾನದ ಸಂಬಳ ಕೊಟ್ಟು ನಾಲ್ಕನೇ ಸ್ಥಾನಕ್ಕೆ ಬಂದವರಿಗೆ ಚಪ್ಪಾಳೆ ತಟ್ಟುವ ಮುನ್ನ ಯೋಚಿಸಿ. ಆಮೇಲೆ ಗೋಲಿಗಿಂತ ಅವಕಾಶಗಳನ್ನು ನೋಡಿ. ಒಂದು ಹೊಡೆತ ಗೋಲಾಗುವ ಸಾಧ್ಯತೆ ಎಷ್ಟು ಅಂತ ಹೇಳುವ ಎಕ್ಸ್‌ಜಿ ಈಗ ಎಲ್ಲ ಕಡೆ ಸಿಗುತ್ತದೆ. ಪೆನಾಲ್ಟಿ ಆದರೆ ನಾಲ್ಕರಲ್ಲಿ ಮೂರಕ್ಕಿಂತ ತುಸು ಜಾಸ್ತಿ, ದೂರದ ಹೊಡೆತವಾದರೆ ನೂರಕ್ಕೆ ಎರಡೋ ಮೂರೋ. ಸೋಲುತ್ತಿದ್ದರೂ ಎದುರಾಳಿಗಿಂತ ಒಳ್ಳೆಯ ಅವಕಾಶ ಸೃಷ್ಟಿಸುವ ತಂಡದ ಕೋಚನ್ನು ನಾನಾಗಿದ್ದರೆ ಬಿಟ್ಟುಕೊಡುವುದಿಲ್ಲ.

ಸೆಟ್ ಪೀಸ್ ಕೋಚ್ ವಿಷಯ ನನಗೆ ಇಷ್ಟ, ಸ್ವಲ್ಪ ನಿಲ್ಲುತ್ತೇನೆ. ನಿಕೊಲಾ ಜೋವರ್ ಬ್ರೆಂಟ್‌ಫರ್ಡ್, ಮ್ಯಾಂಚೆಸ್ಟರ್ ಸಿಟಿ, ಆರ್ಸೆನಲ್ ಮೂರು ಕಡೆ ಇದೇ ಕೆಲಸ ಮಾಡಿ ಹೆಸರು ಮಾಡಿದರು. ಆದರೆ ಲೆಕ್ಕ ಹಾಕಿ ನೋಡಿ. ನೂರು ಕಾರ್ನರ್‌ಗೆ ಗೋಲಾಗುವುದು ಮೂರೋ ನಾಲ್ಕೋ. ಪಂದ್ಯಕ್ಕೆ ಐದು ಕಾರ್ನರ್ ಅಂದರೆ 38 ಪಂದ್ಯಕ್ಕೆ 190. ಇಡೀ ಸೀಸನ್‌ಗೆ ಆರೇಳು ಗೋಲು. ಹತ್ತು ಬಂದರೆ ಜಾಣ, ನಾಲ್ಕು ಬಂದರೆ ದಡ್ಡ ಅಂತ ಹೇಳಲು ಈ ಸಂಖ್ಯೆ ತೀರಾ ಚಿಕ್ಕದು. ಕಾರ್ನರ್‌ನಿಂದ ಮೊದಲ ಹೆಡ್ ಎಷ್ಟು ಸಲ ನಮಗೆ ಸಿಕ್ಕಿತು, ಎಷ್ಟು ಸಲ ಗುರಿಯತ್ತ ಹೊಡೆತ ಬಂತು ಅಂತ ನೋಡಿ. ಅದು ಅವರ ಕೆಲಸ. ಎದುರಾಳಿ ಗೋಲ್‌ಕೀಪರ್ ಹಾರಿ ಹಿಡಿದರೆ ಅದು ಅವರ ತಪ್ಪಲ್ಲ. ಇನ್ನೂ ಚಿಕ್ಕ ಕೆಲಸವೂ ಉಂಟು. ಲಿವರ್‌ಪೂಲ್ 2018ರಲ್ಲಿ ಥಾಮಸ್ ಗ್ರೋನೆಮಾರ್ಕ್ ಎಂಬುವರನ್ನು ಥ್ರೋ-ಇನ್, ಅಂದರೆ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದನ್ನು, ಕಲಿಸಲಿಕ್ಕೇ ತಂದಿತು. ಟಿವಿಯಲ್ಲಿ ನಕ್ಕವರು ಎಷ್ಟೋ. ನಗಬೇಡಿ. ಒಂದು ಪಂದ್ಯದಲ್ಲಿ ಥ್ರೋ-ಇನ್ ಎಷ್ಟಿರುತ್ತವೆ, ಒಮ್ಮೆ ನೀವೇ ಎಣಿಸಿ.

ಗೋಲ್‌ಕೀಪಿಂಗ್ ಕೋಚ್‌ಗೆ ಗೋಲಿನತ್ತ ಬಂದ ಹೊಡೆತಗಳು ಎಷ್ಟು ಕಷ್ಟದವು, ಅದರಲ್ಲಿ ಎಷ್ಟು ತಡೆದರು ಅನ್ನುವ ಲೆಕ್ಕ ಇದೆ. ಬಿಟ್ಟ ಗೋಲು ಎಣಿಸಿದರೆ ಸಾಲದು.

ಫಿಟ್‌ನೆಸ್ ಕೋಚ್ ವಿಷಯದಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೇ ಹೆಚ್ಚು. ಕೊನೆಯ ಹದಿನೈದು ನಿಮಿಷದಲ್ಲಿ ಗೋಲು ಬಿಟ್ಟರು, ಅಂದರೆ ದಮ್ಮಿಲ್ಲ, ಫಿಟ್‌ನೆಸ್ ಕೋಚ್ ಸರಿಯಿಲ್ಲ. ಸ್ವಾಮಿ, ಎಲ್ಲ ಲೀಗ್‌ಗಳಲ್ಲೂ ಆ ಹೊತ್ತಿನಲ್ಲೇ ಗೋಲು ಜಾಸ್ತಿ. ಮತ್ತೆ ಅದೇ: ಯಾವುದಕ್ಕೆ ಹೋಲಿಸಿ? ಗಾಯಗಳ ವಿಷಯ ಮಾತ್ರ ಗಮನಿಸಬೇಕಾದದ್ದು. ಯಾನ್ ಎಕ್‌ಸ್ಟ್ರಾಂಡ್ ಮತ್ತು ಜೊತೆಗಾರರು ಯುರೋಪಿನ 36 ದೊಡ್ಡ ಕ್ಲಬ್‌ಗಳನ್ನು ನೋಡಿದಾಗ, ಮುಖ್ಯ ಕೋಚ್ ಮತ್ತು ವೈದ್ಯರ ನಡುವೆ ಮಾತುಕತೆ ಸರಿಯಿಲ್ಲದ ಕಡೆ ಗಾಯದ ಹೊರೆ ಹೆಚ್ಚಿತ್ತು. ಅಂದರೆ ಗಾಯಾಳುಗಳ ಪಟ್ಟಿ ಉದ್ದವಾದರೆ ಬೈಗುಳ ಫಿಸಿಯೊಗೇ ಹೋಗಬೇಕು ಅಂತಿಲ್ಲ. ಮೇಲೆ ಕೂತವರು ಅವರ ಮಾತು ಕೇಳುತ್ತಾರೋ ಇಲ್ಲವೋ ನೋಡಿ.

ಉಳಿದದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. 21ರ ಹುಡುಗ ಎರಡು ವರ್ಷದ ಹಿಂದೆ ಮಾಡದ್ದನ್ನು ಈಗ ಮಾಡುತ್ತಾನಾ? ಎದುರಾಳಿ ಆಟದ ರೀತಿ ಬದಲಿಸಿದಾಗ ನಮ್ಮವರು ಹತ್ತು ನಿಮಿಷದಲ್ಲಿ ಉತ್ತರ ಕೊಡುತ್ತಾರಾ, ವಿರಾಮದವರೆಗೆ ಕಾಯುತ್ತಾರಾ? ಒಂದೆರಡು ಪಂದ್ಯ ನೋಡಿ ಹೇಳಬೇಡಿ, ಇಪ್ಪತ್ತು ನೋಡಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಳ್ಳೆಯ ಸಹಾಯಕರನ್ನು ಮುಖ್ಯ ಕೋಚ್ ಮಾಡಿದರೆ ಅಷ್ಟೇ ಒಳ್ಳೆಯವರಾಗಿರುತ್ತಾರಾ? ಎರಡೂ ಬೇರೆ ಬೇರೆ ಕೆಲಸ. ಬ್ರಯಾನ್ ಕಿಡ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮುಖ್ಯ ಕೋಚ್ ಅಲೆಕ್ಸ್ ಫರ್ಗುಸನ್ ಅವರ ಬಲಗೈ ಆಗಿದ್ದವರು. 1998ರ ಡಿಸೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್‌ಗೆ ಮುಖ್ಯ ಕೋಚ್ ಆಗಿ ಹೋದರು, ಆ ಸೀಸನ್ ಮುಗಿಯುವಷ್ಟರಲ್ಲಿ ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. ಫರ್ಗುಸನ್ ಅವರ ಇನ್ನೊಬ್ಬ ಸಹಾಯಕ ಕಾರ್ಲೋಸ್ ಕೇರೋಸ್ 2003ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಒಂದೇ ಸೀಸನ್‌ಗೆ ವಾಪಸ್ ಬಂದು ಮತ್ತೆ ಫರ್ಗುಸನ್ ಪಕ್ಕದಲ್ಲಿ ಕೂತರು. ಫ್ಲಿಕ್ ಗೆದ್ದರು, ಮ್ಯಾಂಚೆಸ್ಟರ್ ಸಿಟಿಯಲ್ಲಿ ಸಹಾಯಕರಾಗಿದ್ದು ಆರ್ಸೆನಲ್ ಕೋಚ್ ಆದ ಮಿಕೆಲ್ ಆರ್ಟೆಟಾ ಗೆದ್ದರು, ಸರಿ. ಯಾರು ಯಾವ ಕಡೆ ಬೀಳುತ್ತಾರೆ ಅಂತ ಮೊದಲೇ ಹೇಳುವ ಯಂತ್ರ ಇನ್ನೂ ಬಂದಿಲ್ಲ.

ಇಂಗ್ಲೆಂಡಿನ ಮುಖ್ಯ ಕೋಚ್ ಬ್ರಯಾನ್ ಕ್ಲಫ್ ಮತ್ತು ಅವರ ಸಹಾಯಕ ಪೀಟರ್ ಟೇಲರ್ ಜೋಡಿಯನ್ನು ನೋಡಿ. ಇಬ್ಬರೂ ಸೇರಿ 1972ರಲ್ಲಿ ಡರ್ಬಿಗೆ ಲೀಗ್ ಗೆದ್ದುಕೊಟ್ಟರು. 1974ರಲ್ಲಿ ಕ್ಲಫ್ ಲೀಡ್ಸ್‌ಗೆ ಹೋದಾಗ ಟೇಲರ್ ಜೊತೆ ಹೋಗಲಿಲ್ಲ. ಕ್ಲಫ್ ಅಲ್ಲಿ ಉಳಿದದ್ದು 44 ದಿನ. ಮತ್ತೆ ಒಂದಾಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ತಂದರು. 1982ರಲ್ಲಿ ಟೇಲರ್ ಬೇರೆಯಾಗಿ, ಈ ಸಲ ತಾವೊಬ್ಬರೇ ಮುಖ್ಯ ಕೋಚ್ ಆಗಿ ಡರ್ಬಿಗೆ ಹೋದರು. 1984ರಲ್ಲಿ ಸೀಸನ್ ಮುಗಿಯುವ ಮೊದಲೇ ಹೊರಬಂದರು. ಡರ್ಬಿ ಮೂರನೇ ಡಿವಿಷನ್‌ಗೆ ಇಳಿಯಿತು. ಟೇಲರ್ ಹೋದ ಮೇಲೆ ಕ್ಲಫ್ ಫಾರೆಸ್ಟ್‌ನಲ್ಲಿ ಇನ್ನೂ ಹನ್ನೊಂದು ವರ್ಷ ಇದ್ದರು. ಲೀಗ್ ಕಪ್ ಬಂತು, ಲೀಗ್ ಮತ್ತೆ ಬರಲಿಲ್ಲ.