ದೋಣಿ ಎಷ್ಟು ದೂರ ನಿಂತರೆ ತಿಮಿಂಗಿಲ ಚೆನ್ನಾಗಿ ಕಾಣುತ್ತದೆ?

ಶ್ರೀಲಂಕಾ ಪ್ರವಾಸಕ್ಕೆ ಹೊರಟ ಬೆಂಗಳೂರು, ಮಂಗಳೂರಿನ ಪರಿಚಿತರು ಮಿರಿಸ್ಸಾದ ತಿಮಿಂಗಿಲ ವೀಕ್ಷಣೆಯ ಬಗ್ಗೆ ನನ್ನನ್ನು ವಿಚಾರಿಸುವಾಗ ಮೊದಲು ಕೇಳುವುದು, ತಿಮಿಂಗಿಲ ಎಷ್ಟು ಹತ್ತಿರದಿಂದ ಕಾಣುತ್ತದೆ ಎಂದು. ಕಡಲಿನ ಸಸ್ತನಿಗಳ ಅಧ್ಯಯನ ನನ್ನ ವೃತ್ತಿ. ಪ್ರವಾಸಿ ದೋಣಿಗಳಲ್ಲಿ ನಿಂತು ಜನರಿಗೆ ವಿವರಣೆ ಕೊಡುವ ಕೆಲಸವನ್ನೂ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಕೇಳಬೇಕಾದದ್ದು ಹತ್ತಿರದ ಮಾತಲ್ಲ, ಎಷ್ಟು ಹೊತ್ತು ಕಾಣುತ್ತದೆ ಎಂಬ ಮಾತು. ದೋಣಿ ತಕ್ಕಷ್ಟು ದೂರದಲ್ಲಿ ನಿಂತರೆ ತಿಮಿಂಗಿಲ ಹೆಚ್ಚು ಹೊತ್ತು ನೀರಿನ ಮೇಲಿರುತ್ತದೆ. ಬೆನ್ನಟ್ಟಿದರೆ ಬೇಗನೆ ಮುಳುಗುತ್ತದೆ.

ಮಿರಿಸ್ಸಾ ಶ್ರೀಲಂಕಾದ ದಕ್ಷಿಣ ಕರಾವಳಿಯ ಮೀನುಗಾರಿಕೆಯ ಊರು. ಅದರ ಪೂರ್ವಕ್ಕೆ, ದ್ವೀಪದ ದಕ್ಷಿಣದ ತುತ್ತತುದಿಯಾದ ದೊಂಡ್ರ ಭೂಶಿರವಿದೆ. ಇಲ್ಲಿ ದಡದಿಂದ ಕೆಲವೇ ಕಿಲೋಮೀಟರ್ ಸಾಗುವಷ್ಟರಲ್ಲಿ ಸಮುದ್ರತಳ ಥಟ್ಟನೆ ಕುಸಿದು ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಅಂಥ ಆಳ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ಕಡಲಿಗೆ ಹೋಗಬೇಕು. ಆದ್ದರಿಂದಲೇ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ನೀಲಿ ತಿಮಿಂಗಿಲವನ್ನು ನೋಡಿ ಬರುವುದು ಮಿರಿಸ್ಸಾದಲ್ಲಿ ಸಾಧ್ಯ, ಕಾರವಾರದಲ್ಲಿ ಸಾಧ್ಯವಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿ ಸಮುದ್ರ ಶಾಂತವಾಗಿರುತ್ತದೆ. ನೈಋತ್ಯ ಮುಂಗಾರು ಹಿಡಿದ ಮೇಲೆ ದಕ್ಷಿಣದ ಕಡಲು ದೋಣಿಗಳಿಗೆ ಯೋಗ್ಯವಲ್ಲ. ಆಗ ವೀಕ್ಷಣೆ ಪೂರ್ವ ಕರಾವಳಿಯ ತ್ರಿಕೋಣಮಲೆಯತ್ತ ಸರಿಯುತ್ತದೆ.

ಇಲ್ಲಿನ ನೀಲಿ ತಿಮಿಂಗಿಲಗಳ ಜೀವನಕ್ರಮವೇ ಬೇರೆ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಧ್ರುವದ ತಣ್ಣೀರಿನಲ್ಲಿ ಉಂಡು, ಮರಿ ಹಾಕಲು ಬೆಚ್ಚಗಿನ ನೀರಿಗೆ ವಲಸೆ ಬರುತ್ತವೆ. ಉತ್ತರ ಹಿಂದೂ ಮಹಾಸಾಗರದ ಗುಂಪು ಮಾತ್ರ ಧ್ರುವದ ಕಡೆಗೆ ಹೋಗದೆ ವರ್ಷವಿಡೀ ಉಷ್ಣವಲಯದ ನೀರಿನಲ್ಲೇ ಉಳಿಯುತ್ತದೆ. 2003ರಲ್ಲಿ ಶ್ರೀಲಂಕಾದ ಸಾಗರ ವಿಜ್ಞಾನಿ ಆಶಾ ಡಿ ವೋಸ್ ಅವರು ಸಂಶೋಧನಾ ನೌಕೆಯೊಂದರಲ್ಲಿದ್ದಾಗ, ಒಟ್ಟುಗೂಡಿದ್ದ ತಿಮಿಂಗಿಲಗಳ ನಡುವೆ ನೀರಿನ ಮೇಲೆ ತೇಲುತ್ತಿದ್ದ ಕೆಂಪು ಬಣ್ಣದ ಮಲವನ್ನು ಕಂಡರು. ಬೆಚ್ಚಗಿನ ನೀರಿನಲ್ಲಿ ಇವು ಉಪವಾಸವಿರುತ್ತವೆ ಎಂಬ ತಿಳಿವಳಿಕೆಯನ್ನು ಅಲುಗಾಡಿಸಲು ಆ ಒಂದು ದೃಶ್ಯ ಸಾಕಾಯಿತು. ಇಲ್ಲಿ ಇವುಗಳ ಮುಖ್ಯ ಆಹಾರ ಆಳದಲ್ಲಿ ಗುಂಪುಗೂಡುವ ಚಿಕ್ಕ ಸೀಗಡಿಗಳು ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿದುಬಂತು. ಈ ಗುಂಪಿಗೆ ತನ್ನದೇ ಆದ ಹಾಡೂ ಇದೆ. ಲಕ್ಷದ್ವೀಪದ ಬಳಿ ನೀರಿನೊಳಗೆ ಇಳಿಸಿದ್ದ ಧ್ವನಿಗ್ರಾಹಕ ಯಂತ್ರಗಳಲ್ಲಿ ಅದು ದಾಖಲಾಗಿದೆ. ಅಂದರೆ ಮಿರಿಸ್ಸಾದಲ್ಲಿ ನೀವು ನೋಡುವ ತಿಮಿಂಗಿಲದ ಬಳಗ ನಮ್ಮ ಅರಬ್ಬಿ ಸಮುದ್ರದಲ್ಲೂ ಓಡಾಡಿಕೊಂಡಿದೆ.

ನೀಲಿ ತಿಮಿಂಗಿಲ ಮೇಲೆ ಬರುವ ಕ್ರಮವನ್ನು ಮೊದಲೇ ತಿಳಿದಿದ್ದರೆ ನೋಡುವುದು ಸುಲಭ. ನೀರು ತಿಳಿಯಾಗಿದ್ದು ಬಿಸಿಲು ಬಿದ್ದಿದ್ದರೆ, ಕಡುನೀಲಿ ನೀರಿನ ಒಂದು ಭಾಗ ಮೊದಲು ತಿಳಿಹಸಿರಾಗಿ ಬೆಳಗತೊಡಗುತ್ತದೆ. ಅದು ಮೇಲೇರುತ್ತಿರುವ ಮೈಯ ಬಣ್ಣ. ಆಮೇಲೆ ಉಸಿರು. ನೇರವಾಗಿ ಮೇಲಕ್ಕೆ ಚಿಮ್ಮುವ ಈ ಹಬೆಯ ಕಂಬ 9 ಮೀಟರ್‌ವರೆಗೂ ಏರಬಲ್ಲದು, ಗಾಳಿಯಿಲ್ಲದ ಬೆಳಿಗ್ಗೆ ಬಹಳ ದೂರದಿಂದಲೂ ಕಾಣುತ್ತದೆ. ಉಸಿರಿನ ಹಿಂದೆಯೇ ಬೆನ್ನು ಉರುಳತೊಡಗುತ್ತದೆ, ಉರುಳುತ್ತಲೇ ಇರುತ್ತದೆ. ಇಡೀ ಪ್ರಾಣಿ 20 ಮೀಟರಿಗೂ ಹೆಚ್ಚು ಉದ್ದವಿರಬಹುದೆಂಬ ಮಾತು ಅರ್ಥವಾಗುವುದು ಆಗಲೇ. ಇಷ್ಟು ದೊಡ್ಡ ಮೈಗೆ ಬೆನ್ನಿನ ಈಜುರೆಕ್ಕೆ ಮಾತ್ರ ಅತಿ ಚಿಕ್ಕದು, ಬಾಲದ ಸಮೀಪದಲ್ಲಿ ಎಲ್ಲಕ್ಕಿಂತ ಕೊನೆಗೆ ಕಾಣಿಸಿಕೊಳ್ಳುತ್ತದೆ. ಮೈಮೇಲಿನ ಬೂದು ಮಚ್ಚೆಗಳ ವಿನ್ಯಾಸ ಒಂದೊಂದು ತಿಮಿಂಗಿಲಕ್ಕೂ ಬೇರೆಯಾಗಿರುವುದರಿಂದ ಅದರ ಛಾಯಾಚಿತ್ರ ತೆಗೆದು ನಾವು ಅವುಗಳ ಗುರುತು ಹಿಡಿಯುತ್ತೇವೆ. ಹೀಗೆ ಹಲವು ಬಾರಿ ಉಸಿರಾಡಿ, ಕೊನೆಯ ಉಸಿರಿನ ನಂತರ ಬೆನ್ನನ್ನು ಎಂದಿಗಿಂತ ಹೆಚ್ಚು ಬಾಗಿಸಿ, ಎಷ್ಟೋ ಸಲ ಬಾಲವನ್ನೂ ಮೇಲೆತ್ತಿ ತಿಮಿಂಗಿಲ ಆಳಕ್ಕೆ ಇಳಿಯುತ್ತದೆ. ಬಾಲ ಬಡಿದ ಕಡೆ ಅಲೆಗಳ ನಡುವೆ ಎಣ್ಣೆ ಚೆಲ್ಲಿದಂಥ ನುಣುಪು ವೃತ್ತವೊಂದು ಸ್ವಲ್ಪ ಹೊತ್ತು ಉಳಿಯುತ್ತದೆ. ಮತ್ತೆ ಮೇಲೆ ಬರಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು.

ಈ ಉಸಿರಾಟದ ಬಿಡುವು ತಿಮಿಂಗಿಲಕ್ಕೆ ಅತ್ಯಗತ್ಯ. ಆಳದಲ್ಲಿ ಬಾಯಿ ತೆರೆದು ನೀರಿನೊಂದಿಗೆ ಸೀಗಡಿಗಳನ್ನು ನುಂಗುವುದು ಭಾರೀ ಶ್ರಮದ ಕೆಲಸ. ಅದಕ್ಕೆ ಬೇಕಾದ ಆಮ್ಲಜನಕವನ್ನು ಮೇಲಿರುವ ಕೆಲವೇ ನಿಮಿಷಗಳಲ್ಲಿ ತುಂಬಿಸಿಕೊಳ್ಳಬೇಕು. ಅದೇ ಹೊತ್ತಿಗೆ ಐದಾರು ದೋಣಿಗಳು ಎಂಜಿನ್ ಜೋರು ಮಾಡಿ ನುಗ್ಗಿದರೆ, ಇನ್ನೂ ಉಸಿರು ತುಂಬಿಕೊಳ್ಳುತ್ತಿರುವ ತಿಮಿಂಗಿಲ ಅರ್ಧಕ್ಕೇ ಮುಳುಗುತ್ತದೆ. ಮುಂದಿನ ಬೇಟೆಗೆ ಅದರ ಶಕ್ತಿ ಕುಂದುತ್ತದೆ, ದೋಣಿಯಲ್ಲಿರುವವರಿಗೆ ಸಿಗುವುದು ಬಾಲದ ಒಂದು ಮಸುಕು ಚಿತ್ರ. ಶ್ರೀಲಂಕಾ 2012ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ದೋಣಿಗಳು ತಿಮಿಂಗಿಲದಿಂದ ಕನಿಷ್ಠ 100 ಮೀಟರ್ ದೂರದಲ್ಲಿರಬೇಕು. ಒಳ್ಳೆಯ ಚಾಲಕರು ಇನ್ನೂ ದೂರದಲ್ಲಿರುವಾಗಲೇ ವೇಗ ತಗ್ಗಿಸಿ, ತಿಮಿಂಗಿಲ ಹೋಗುವ ದಿಕ್ಕಿಗೆ ಸಮಾನಾಂತರವಾಗಿ ನಿಧಾನವಾಗಿ ಸಾಗುತ್ತಾರೆ. ಅದರ ಮುಂದೆ ಅಡ್ಡ ಹಾಕುವುದಿಲ್ಲ, ನೇರ ಹಿಂದಿನಿಂದಲೂ ಹೋಗುವುದಿಲ್ಲ, ತಾಯಿ ಮತ್ತು ಮರಿಯ ನಡುವೆ ಎಂದಿಗೂ ನುಸುಳುವುದಿಲ್ಲ. ನಿಯಮ ಮುರಿಯುವವರಿಲ್ಲವೆಂದಲ್ಲ. ಆದರೆ ಚಾಲಕರನ್ನಷ್ಟೇ ದೂರುವುದು ನನಗೆ ಸರಿಕಾಣುವುದಿಲ್ಲ. "ಇನ್ನೂ ಹತ್ತಿರ ಹೋಗಿ" ಎಂದು ಕೂಗುವವರು ಪ್ರಯಾಣಿಕರು, ಹತ್ತಿರ ಹೋದಾಗ ಖುಷಿಯಿಂದ ಇನಾಮು ಕೊಡುವವರೂ ಅವರೇ.

ತಿಮಿಂಗಿಲಕ್ಕಾಗಿ ಕಾಯುವಾಗ ಕಾಣುವ ಜೀವಿಗಳೂ ಕಡಿಮೆಯೇನಲ್ಲ. ಸ್ಪಿನ್ನರ್ ಡಾಲ್ಫಿನ್‌ಗಳ ದೊಡ್ಡ ಹಿಂಡುಗಳು ಗಾಳಿಗೆ ಜಿಗಿದು ಬುಗುರಿಯಂತೆ ತಿರುಗುತ್ತವೆ. ತಲೆಯ ಮೇಲೆ ಮೂರು ಏಣುಗಳಿರುವ ತಿಮಿಂಗಿಲ ಕಂಡರೆ ಅದು ಬ್ರೈಡ್ಸ್ ತಿಮಿಂಗಿಲ. ಆಲಿವ್ ರಿಡ್ಲೆ ಆಮೆಗಳು, ಹಾರುಮೀನುಗಳು, ಒಮ್ಮೊಮ್ಮೆ ನೀರಿನಿಂದ ಚಿಮ್ಮುವ ಚಪ್ಪಟೆ ಮೈಯ ತೊರಕೆ ಮೀನುಗಳು ಸಿಗುತ್ತವೆ. ಉಸಿರು ನೇರವಾಗಿ ಏರದೆ ಮುಂದಕ್ಕೆ ಎಡಕ್ಕೆ ಓರೆಯಾಗಿ ಚಿಮ್ಮಿದರೆ ಅದು ಸ್ಪರ್ಮ್ ತಿಮಿಂಗಿಲ. 'ತಿಮಿಂಗಿಲ ವಾಂತಿ' ಸಾಗಿಸುವಾಗ ಸಿಕ್ಕಿಬಿದ್ದವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಆ ಅಂಬರ್‌ಗ್ರಿಸ್ ರೂಪುಗೊಳ್ಳುವುದು ಈ ಜಾತಿಯ ತಿಮಿಂಗಿಲದ ಕರುಳಿನಲ್ಲಿ.

ಪ್ರವಾಸಿ ದೋಣಿಗಿಂತ ದೊಡ್ಡ ಅಪಾಯ ಸರಕು ಹಡಗುಗಳದ್ದು. ದೊಂಡ್ರದ ದಕ್ಷಿಣಕ್ಕೆ ಪೂರ್ವ ಪಶ್ಚಿಮಗಳನ್ನು ಜೋಡಿಸುವ, ಜಗತ್ತಿನಲ್ಲೇ ಅತಿ ದಟ್ಟಣೆಯ ಹಡಗು ಮಾರ್ಗಗಳಲ್ಲೊಂದು ಹಾದುಹೋಗುತ್ತದೆ. ಅದು ತಿಮಿಂಗಿಲಗಳು ಉಣ್ಣುವ ಜಾಗದ ಮೇಲೆಯೇ ಇದೆ. ಡಿಕ್ಕಿ ಹೊಡೆದದ್ದು ಹಡಗಿನವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಾರ್ಗವನ್ನು ಸುಮಾರು 15 ನಾಟಿಕಲ್ ಮೈಲಿ, ಅಂದರೆ 28 ಕಿಲೋಮೀಟರಿನಷ್ಟು, ದಕ್ಷಿಣಕ್ಕೆ ಸರಿಸಿದರೆ ಅಪಾಯ ಬಹಳಷ್ಟು ಇಳಿಯುತ್ತದೆಂದು ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಸಾಗಣೆ ಕಂಪನಿ ಸ್ವಯಂಪ್ರೇರಣೆಯಿಂದ ತನ್ನ ಹಡಗುಗಳನ್ನು ಹಾಗೆ ಸರಿಸಲು ಮುಂದಾಯಿತು. 1960ರ ದಶಕದಲ್ಲಿ ಸೋವಿಯತ್ ನೌಕೆಗಳು ಅರಬ್ಬಿ ಸಮುದ್ರದ ಸುತ್ತಮುತ್ತ ಅಕ್ರಮವಾಗಿ ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದಿದ್ದವು. ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವ ಪ್ರಾಣಿಗೆ ಅಂಥ ನಷ್ಟ ತುಂಬಿಕೊಳ್ಳಲು ತಲೆಮಾರುಗಳೇ ಬೇಕು. ಹಾಗಿರುವಾಗ ಹಡಗಿಗೆ ಸಿಕ್ಕಿ ಸಾಯುವ ಒಂದೊಂದು ಹೆಣ್ಣು ತಿಮಿಂಗಿಲವೂ ಲೆಕ್ಕಕ್ಕೆ ಬರುತ್ತದೆ.

ಹೋಗುವವರಿಗೆ ಎರಡು ಮಾತು. ವಾಂತಿಯ ತೊಂದರೆ ಇರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ಕಡಲಿಗೆ ಹೋದ ಮೇಲಲ್ಲ. ಟಿಕೆಟ್ ಕೊಳ್ಳುವಾಗ, ತಿಮಿಂಗಿಲ ಕಂಡಾಗ ದೋಣಿ ಎಷ್ಟು ದೂರದಲ್ಲಿ ನಿಲ್ಲುತ್ತದೆ, ವಿವರಿಸಲು ತಿಳಿದವರು ಇರುತ್ತಾರೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ದೋಣಿ ನೋಡಿ.

ಇದೇ ಪ್ರಶ್ನೆಯನ್ನು ಕಾರವಾರದಲ್ಲೂ ಕೇಳಬೇಕು. ದೇವಬಾಗ, ಕುರುಮಗಡದತ್ತ ಹೋಗುವ ದೋಣಿಗಳಿಂದ ಕಾಣುವ ಗೂನು ಬೆನ್ನಿನ ಡಾಲ್ಫಿನ್ ಜಾಗತಿಕವಾಗಿ ಅಳಿವಿನಂಚಿನಲ್ಲಿರುವ ಜಾತಿ. ತಿಮಿಂಗಿಲಕ್ಕಾದರೆ ಮುಳುಗಿ ತಪ್ಪಿಸಿಕೊಳ್ಳಲು ಆಳವಿದೆ. ದಡಕ್ಕೆ ಅಂಟಿಕೊಂಡು ಕಡಿಮೆ ಆಳದ ನೀರಿನಲ್ಲೇ ಬದುಕುವ ಈ ಡಾಲ್ಫಿನ್‌ಗೆ ಅದೂ ಇಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆ ಹಿಂಡು ಮೀನು ಹಿಡಿಯುತ್ತಿರುವಾಗ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಕಾಯುವಂತೆ ಬಾಡಿಗೆ ಮಾತನಾಡುವಾಗಲೇ ದೋಣಿಯವರಿಗೆ ಹೇಳಿಬಿಡಿ. ಅವರಿಗೆ ಡೀಸೆಲ್ ಉಳಿಯುತ್ತದೆ, ಡಾಲ್ಫಿನ್‌ಗಳೂ ಎಷ್ಟೋ ಸಲ ತಾವಾಗಿಯೇ ದೋಣಿಯ ಪಕ್ಕದಲ್ಲಿ ಹಾದುಹೋಗುತ್ತವೆ.