ಕಲ್ಲಿಗೆ ಗ್ರಾಪ್ಟೊಲೈಟ್ ಸಾಕ್ಷಿ, ಗ್ರಾಪ್ಟೊಲೈಟಿಗೆ ಕಲ್ಲೇ ಸಾಕ್ಷಿ: ಇದೆಂಥ ಲೆಕ್ಕ?

ಪ್ರಶ್ನೆ: ಗ್ರಾಪ್ಟೊಲೈಟ್ ಎಂಬ ಕಡಲಜೀವಿಯ ಪಳೆಯುಳಿಕೆ ಸಿಕ್ಕಿದ್ದರಿಂದ ಈ ಕಲ್ಲು ಸೈಲೂರಿಯನ್ ಎಂಬ ಕೋಟ್ಯಂತರ ವರ್ಷ ಹಿಂದಿನ ಕಾಲದ್ದು ಅಂತೀರಿ. ಆ ಗ್ರಾಪ್ಟೊಲೈಟ್ ಯಾವ ಕಾಲದ್ದು ಅಂದರೆ, ಸೈಲೂರಿಯನ್ ಕಲ್ಲಲ್ಲಿ ಸಿಕ್ಕಿದೆಯಲ್ಲ ಅಂತೀರಿ. ಸುತ್ತಿ ಸುತ್ತಿ ಅಲ್ಲಿಗೇ ಬಂತು ಅಲ್ವಾ?

ಉತ್ತರ: ಹಾಗೆ ಕಾಣುವುದು ಸಹಜ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಒಂದು ಪ್ರಶ್ನೆ, ಎಷ್ಟು ವರ್ಷ ಅನ್ನುವುದು ಬೇರೆಯೇ ಪ್ರಶ್ನೆ. ಗ್ರಾಪ್ಟೊಲೈಟ್ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ.

ನೋಡಲು ಗ್ರಾಪ್ಟೊಲೈಟ್‌ಗಳು ಕಪ್ಪು ಶೇಲ್ (ಕೆಸರು ಗಟ್ಟಿಯಾಗಿ ಆದ) ಕಲ್ಲಿನ ಮೇಲೆ ಅಂಟಿಸಿದ ಗರಗಸದ ಅಲಗಿನ ಚೂರಿನಂತಿರುತ್ತವೆ. ಒಂದೊಂದು ಹಲ್ಲೂ ಒಂದು ಪುಟಾಣಿ ಜೀವಿಯ ಮನೆ. ಇಡೀ ಗುಂಪು ಕಡಲಲ್ಲಿ ತೇಲುತ್ತಿತ್ತು, ಸತ್ತ ಮೇಲೆ ಆಮ್ಲಜನಕವಿಲ್ಲದ ತಳದ ಕೆಸರಿಗೆ ಬಿದ್ದು ಹಾಗೇ ಉಳಿಯಿತು. ತೇಲುವುದರಿಂದ ಒಂದೇ ಜಾತಿ ದೂರದೂರಕ್ಕೆ ಹರಡುತ್ತಿತ್ತು, ಮತ್ತು ಜಾತಿಗಳು ಬೇಗ ಬೇಗ ಬದಲಾಗುತ್ತಿದ್ದವು.

ಈಗ ಸ್ಕಾಟ್ಲೆಂಡಿಗೆ ಬನ್ನಿ. ಮೊಫಾಟ್ ಊರಿನ ಹತ್ತಿರದ ಡಾಬ್ಸ್ ಲಿನ್ ಎಂಬ ಕಡಿದಾದ ಕಣಿವೆ. ಆ ಗುಡ್ಡಗಾಡಿನ ಪದರಗಳು ಒಂದರ ಮೇಲೊಂದು ಭಾರೀ ದಪ್ಪಕ್ಕೆ ಪೇರಿಸಿವೆ ಎಂದೇ ಆಗ ನಂಬಿದ್ದರು. ಚಾರ್ಲ್ಸ್ ಲ್ಯಾಪ್ವರ್ತ್ ಎಂಬ ಶಾಲಾ ಮೇಷ್ಟ್ರು ಪದರ ಪದರವಾಗಿ ಗ್ರಾಪ್ಟೊಲೈಟ್ ಎತ್ತಿ, ಯಾವ ಜಾತಿ ಯಾವ ಪದರದ್ದು ಅಂತ ಬರೆದಿಡುತ್ತಾ ಹೋದರು. ನೋಡಿದರೆ ಅದೇ ಸಾಲು ಮತ್ತೆ ಮತ್ತೆ ಬರುತ್ತಿದೆ, ಕೆಲವು ಕಡೆ ತಲೆಕೆಳಗಾಗಿ! ಅಂದರೆ ತೆಳುವಾದ ಒಂದೇ ಪದರಗುಚ್ಛ ಮಡಚಿ, ಬಿರುಕುಬಿಟ್ಟು, ಹಲವು ಸಲ ತಲೆ ಎತ್ತಿದೆ. 1878ರಲ್ಲಿ ಇದನ್ನು ಪ್ರಕಟಿಸಿದರು. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದೇ.

ಇಲ್ಲಿ ಸುತ್ತು ಎಲ್ಲಿದೆ? ಕೆಳಗಿನದು ಹಳೆಯದು, ಮೇಲಿನದು ಹೊಸದು ಅನ್ನುವುದಕ್ಕೆ ಪಳೆಯುಳಿಕೆ ಬೇಕಿಲ್ಲ, ಕಲಕದ ಪದರಗಳು ಸಾಕು. ಅಂಥ ಪದರಗಳಲ್ಲಿ ಎರಡು ಸಾಲು ಹಲ್ಲಿನ ಗ್ರಾಪ್ಟೊಲೈಟ್ ಮೊದಲು, ಒಂದೇ ಸಾಲಿನ ಮೊನೊಗ್ರಾಪ್ಟಸ್ ಬಳಗ ಆಮೇಲೆ. ಸುರುಳಿಯಿಂದ ಕವಲೊಡೆಯುವ ಸಿರ್ಟೊಗ್ರಾಪ್ಟಸ್ ಇನ್ನೂ ಮೇಲೆ. ವೇಲ್ಸ್, ಸ್ವೀಡನ್, ಬೊಹೀಮಿಯಾ ಎಲ್ಲಿ ಅಗೆದರೂ ಇದೇ ಕ್ರಮ. ಅದು ಊರಿಗೊಂದು ಥರ ಇದ್ದಿದ್ದರೆ ಈ ವಿಧಾನ ಅಂದೇ ಬಿದ್ದುಹೋಗುತ್ತಿತ್ತು.

ವರ್ಷದ ಲೆಕ್ಕ ಬರುವುದು ಜ್ವಾಲಾಮುಖಿ ಬೂದಿಯಿಂದ. ಶೇಲ್ ನಡುವೆ ಸಿಗುವ ಬೂದಿ ಪದರದಲ್ಲಿ ಜಿರ್ಕಾನ್ ಹರಳುಗಳಿರುತ್ತವೆ, ಅದರೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಹಾಗೆ ಸೈಲೂರಿಯನ್ ಶುರುವಾಗಿದ್ದು ಸುಮಾರು 44.3 ಕೋಟಿ ವರ್ಷದ ಹಿಂದೆ ಎಂದು ಗೊತ್ತಾಗಿದೆ. ಅದರ ಅಧಿಕೃತ ಗಡಿ ಇರುವುದೂ ಡಾಬ್ಸ್ ಲಿನ್‌ನಲ್ಲೇ, ಅಲ್ಲಿನ ಬರ್ಕ್‌ಹಿಲ್ ಶೇಲ್ ಎಂಬ ಪದರಗುಚ್ಛದ ಬುಡದಿಂದ 1.6 ಮೀಟರ್ ಮೇಲೆ. ಸೈಲೂರಿಯನ್ನಿನ ಸುಮಾರು 2.4 ಕೋಟಿ ವರ್ಷದ ಅವಧಿಯನ್ನು ಗ್ರಾಪ್ಟೊಲೈಟ್‌ಗಳಿಂದ ಎಷ್ಟು ಸಣ್ಣಗೆ ಹೋಳು ಮಾಡಿದ್ದಾರೆ ಅಂದರೆ, ಒಂದು ಹೋಳು ಸರಾಸರಿ ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ.

ತಕರಾರು ಮಾಡಬೇಕಿದ್ದರೆ ಬೇರೆ ಕಡೆ ಮಾಡಿ. ಒಂದು ಜಾತಿ ಎರಡು ಊರಲ್ಲಿ ಒಂದೇ ಹೊತ್ತಿಗೆ ಕಾಣಿಸಿಕೊಂಡಿತೇ? ಖಾತ್ರಿಯಿಲ್ಲ. ಅದಕ್ಕೇ ಒಂದೇ ಜಾತಿಯನ್ನು ನಂಬದೆ ಜೊತೆಯಲ್ಲಿ ಯಾರ್‍ಯಾರಿದ್ದಾರೆ ಅಂತ ನೋಡುತ್ತಾರೆ. ಆಳವಿಲ್ಲದ ಕಡಲಿನ ಸುಣ್ಣಕಲ್ಲಲ್ಲಿ ಗ್ರಾಪ್ಟೊಲೈಟ್ ಸಿಗುವುದೇ ಅಪರೂಪ. ಅಲ್ಲಿ ಕೊನೊಡಾಂಟ್ ಎಂಬ ಸಣ್ಣ ಹಲ್ಲಿನಂಥ ಪಳೆಯುಳಿಕೆಗಳೇ ಗತಿ, ಮತ್ತು ಎರಡೂ ಒಟ್ಟಿಗೆ ಸಿಗುವ ಪದರ ಎಲ್ಲಾದರೂ ಇದ್ದರೆ ಅಲ್ಲಿಂದ ಎರಡು ಸಾಲನ್ನೂ ಜೋಡಿಸುತ್ತಾರೆ.